ಒನಕೆಗೂ ಒಂದು ದಿನ

ನಮ್ಮ ಟೀವಿ ಚಾನೆಲ್‌ಗಳನ್ನು ಮೆಚ್ಚಲೇಬೇಕು. ಗ್ರಹಣ ಬಂತು ಅಂದ್ರೆ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಒನಕೆಗೂ ರಾಜಯೋಗ. ತಟ್ಟೆಗೆ ನೀರು, ನೀರಿಗೆ ಅರಿಶಿನ-ಕುಂಕುಮ, ನಡುವೆ ಒನಕೆ. ನಿಂತೇಬಿಟ್ಟಿತು! ಕ್ಯಾಮೆರಾ ಬುಡದಿಂದ ತುದಿಯವರೆಗೆ ತೋರಿಸುತ್ತದೆ. ಆಮೇಲೆ ತುದಿಯಿಂದ ಬುಡದವರೆಗೆ. ವಿಜ್ಞಾನಕ್ಕೆ ಸವಾಲಂತೆ.

ಒನಕೆ ಅಂದ್ರೆ ಭಾರದ ಮರ. ಬುಡ ಚಪ್ಪಟೆ, ಕೆಲವಕ್ಕೆ ಕಬ್ಬಿಣದ ಬಳೆ ಬೇರೆ. ನೆಟ್ಟಗೆ ಹಿಡಿದು, ಅಲುಗಾಡದಂತೆ ಕೈಬಿಟ್ಟರೆ ಯಾವ ಮಂಗಳವಾರವಾದರೂ ನಿಲ್ಲುತ್ತದೆ. ಸೂರ್ಯ, ಚಂದ್ರ ಸೇರಿ ಮೇಲಕ್ಕೆ ಎಳೆಯುತ್ತಾರೆ ಅನ್ನುತ್ತಾರಲ್ಲ, ಸಮುದ್ರ ಉಕ್ಕಿಸುವ ಆ ಎಳೆತ ಭೂಮಿಯ ಸೆಳೆತದ ಕೋಟಿಯಲ್ಲಿ ಒಂದೆರಡು ಪಾಲು. ಅದೂ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗ್ರಹಣ ಬಿಟ್ಟ ತಕ್ಷಣ ಒನಕೆ ತಾನಾಗೇ ಬೀಳುತ್ತದಂತೆ. ಬೀಳಲಿ ಅಂತ ಕಾಯುವವರು ಯಾರು? ಮನೆ ತೊಳೀಬೇಕು, ಸ್ನಾನ ಆಗಬೇಕು, ಎತ್ತಿಡುತ್ತಾರೆ. ಓಬವ್ವನೇ ವಾಸಿ. ಒನಕೆ ಕೈಗೆತ್ತಿಕೊಳ್ಳುವಾಗ ಪಂಚಾಂಗ ನೋಡಲಿಲ್ಲ.

ನಾವಷ್ಟೇ ಹೀಗೆ ಅಂತ ಬೇಜಾರು ಬೇಡ. ಅಮೆರಿಕದಲ್ಲಿ ಮಾರ್ಚ್ ತಿಂಗಳಲ್ಲಿ ಹಗಲು-ರಾತ್ರಿ ಸಮವಾಗುವ ದಿನ ಮೊಟ್ಟೆ ನಿಲ್ಲಿಸುತ್ತಾರೆ. ಸಿಪ್ಪೆ ಮೇಲಿನ ಸಣ್ಣ ಉಬ್ಬುಗಳೇ ಮೊಟ್ಟೆಗೆ ಕಾಲು. ಅವು ವರ್ಷವಿಡೀ ಇರುತ್ತವೆ. 2020ರ ಫೆಬ್ರವರಿ 10ರಂದು ಪೊರಕೆಯ ಸರದಿ. ಇವತ್ತೊಂದೇ ದಿನ ನಿಲ್ಲುತ್ತದೆ ಅಂತ ನಾಸಾ ಹೇಳಿದೆಯಂತೆ ಅಂದರು, ಊರೆಲ್ಲ ಪೊರಕೆ ನಿಲ್ಲಿಸಿತು. ನಾಸಾ ಹಾಗೆ ಹೇಳಿಯೇ ಇರಲಿಲ್ಲ. ಕೊನೆಗೆ ಮಾರನೇ ದಿನ ಗಗನಯಾತ್ರಿ ಆಲ್ವಿನ್ ಡ್ರೂ ಅವರೇ ಪೊರಕೆ ನಿಲ್ಲಿಸಿ ತೋರಿಸಬೇಕಾಯಿತು. ಬಾಹ್ಯಾಕಾಶದಲ್ಲಿ ನಡೆದು ಬಂದ ಮನುಷ್ಯನಿಗೆ ಇದೆಂಥ ಡ್ಯೂಟಿ ನೋಡಿ.

ಅಲ್ಲಿ ಕಥೆ ಪೊರಕೆಗೇ ಮುಗಿಯಿತು. ಸುಮ್ನೆ ತಮಾಷೆ, ಯಾರಿಗೇನು ನಷ್ಟ ಅಂತ ಇಲ್ಲೂ ಕೇಳುತ್ತಾರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಲ್ಲಿ ಕಲಬುರಗಿ ಹತ್ತಿರದ ತಾಜ್ ಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆವರೆಗೂ ಮಣ್ಣಿನಲ್ಲಿ ಹೂತಿದ್ದರು. ಕೈಕಾಲು ಸರಿಹೋಗಲಿ ಅಂತ. ಮಕ್ಕಳು ಅಳುತ್ತಿದ್ದವು. ಆ ಅಪ್ಪ-ಅಮ್ಮಂದಿರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಗ್ರಹಣಕ್ಕೆ ಏನೋ ಶಕ್ತಿ ಇದೆ ಅಂತ ದಿನವಿಡೀ ಒನಕೆ ತೋರಿಸಿ, ನಡುನಡುವೆ ಸೋಪು, ಸೀರೆ ಜಾಹೀರಾತು ಹಾಕಿ ಕಾಸು ಎಣಿಸಿಕೊಂಡವರ ಮೇಲೆ ಬರುತ್ತದೆ.