ಡಿಸೆಂಬರ್‌ನಲ್ಲೇ ಹೇಳಿಬಿಡಿ

ಸೀಸನ್ ಮುಗಿದು ಟ್ರಾನ್ಸ್‌ಫರ್ ಸುದ್ದಿ ಶುರುವಾದರೆ ಸಾಕು, ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ತ್ರಿಕ್ಕರಿಪುರದವರೆಗೆ ಫುಟ್‌ಬಾಲ್ ಪ್ರಿಯರಲ್ಲಿ ಒಂದೇ ಜಗಳ. ಇಷ್ಟು ವರ್ಷ ಬೆವರು ಸುರಿಸಿದವನನ್ನು ಹೀಗೆ ಕೈಬಿಡುವುದಾ ಅಂತ ಕೆಲವರು. ಕ್ಲಬ್ಬೇನು ಧರ್ಮಛತ್ರವಾ ಅಂತ ಉಳಿದವರು. ನನಗೆ ಎರಡೂ ಮಾತು ಒಪ್ಪಿಗೆಯಿಲ್ಲ. ವಯಸ್ಸಾದವನನ್ನು ಬಿಡುವುದರಲ್ಲಿ ಅನ್ಯಾಯವಿಲ್ಲ. ಕೊನೆಯ ದಿನದವರೆಗೆ ಬಾಯಿಬಿಡದೆ, ಬೇರೆ ದಾರಿ ನೋಡಿಕೊಳ್ಳಲು ಸಮಯ ಕೊಡದೆ ಬಿಡುತ್ತಾರಲ್ಲ, ಅದು ಅನ್ಯಾಯ.

ಅಮೆರಿಕನ್ ಫುಟ್‌ಬಾಲ್ ಅಂತ ಬೇರೆಯೇ ಆಟವಿದೆಯಲ್ಲ, ಅದರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಟ್ರೇಡ್ ಅಂದರೆ ಆಟಗಾರನ ಒಪ್ಪಂದವೇ ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಹೋಗುತ್ತದೆ. ಟ್ರೇಡ್ ಮಾಡಬಾರದು ಎಂಬ ಷರತ್ತು ಮೊದಲೇ ಬರೆಸಿಕೊಂಡಿರದಿದ್ದರೆ ಅವನನ್ನು ಯಾರೂ ಕೇಳಬೇಕಾಗಿಲ್ಲ. ಮೂರು ಸೂಪರ್ ಬೌಲ್ (ಆ ಲೀಗಿನ ಫೈನಲ್) ಗೆದ್ದ ರಿಚರ್ಡ್ ಸೀಮೋರ್‌ನನ್ನು 2009ರಲ್ಲಿ, ಸೀಸನ್ ಶುರುವಾಗಲು ಕೆಲವೇ ದಿನ ಇರುವಾಗ, ಪೇಟ್ರಿಯಟ್ಸ್ ತಂಡ 2011ರ ಒಂದು ಡ್ರಾಫ್ಟ್ ಆಯ್ಕೆಗೆ (ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವಾಗ ಸಿಗುವ ಒಂದು ಸರದಿ) ಬದಲಾಗಿ ಓಕ್ಲಂಡ್‌ಗೆ ಕಳಿಸಿತು. ನಮ್ಮ ಫುಟ್‌ಬಾಲ್‌ನಲ್ಲಿ ಹಾಗೆ ಮಾಡಲಿಕ್ಕೆ ಆಗುವುದಿಲ್ಲ. ಎರಡು ಕ್ಲಬ್ ಒಪ್ಪಿದರೂ ಆಟಗಾರ ಸಹಿ ಹಾಕದೆ ವರ್ಗಾವಣೆ ಇಲ್ಲ. ಯುರೋಪಿನ ನ್ಯಾಯಾಲಯ 1995ರಲ್ಲಿ ಕೊಟ್ಟ ಬೋಸ್ಮನ್ ತೀರ್ಪಿನ ನಂತರ, ಒಪ್ಪಂದ ಮುಗಿದವನನ್ನು ಹಣಕ್ಕಾಗಿ ಹಿಡಿದಿಟ್ಟುಕೊಳ್ಳುವ ಪದ್ಧತಿಯೂ ಹೋಯಿತು. ಈಗಿನ ಫಿಫಾ ನಿಯಮದಂತೆ ಕೊನೆಯ ಆರು ತಿಂಗಳಲ್ಲಿ ಅವನು ಬೇರೆ ಕ್ಲಬ್ಬಿನ ಜೊತೆ ಮುಂದಿನ ಸೀಸನ್‌ಗೆ ಸಹಿ ಹಾಕಬಹುದು. ಮೇ 31ಕ್ಕೆ ಮುಗಿಯುವ ಒಪ್ಪಂದವಾದರೆ ಡಿಸೆಂಬರ್ 1ರಿಂದ.

ಕ್ಲಬ್ಬಿನ ಲೆಕ್ಕಪುಸ್ತಕ ಹೇಗೆ ನಡೆಯುತ್ತದೆ ಅಂತ ತಿಳಿಯದೆ ಬೈದರೆ ಪ್ರಯೋಜನವಿಲ್ಲ. 2 ಕೋಟಿ ಕೊಟ್ಟು ಒಬ್ಬನನ್ನು 4 ವರ್ಷಕ್ಕೆ ತಂದರು ಅಂದುಕೊಳ್ಳಿ. ಪುಸ್ತಕದಲ್ಲಿ ಅವನ ಬೆಲೆ ವರ್ಷಕ್ಕೆ 50 ಲಕ್ಷದಂತೆ ಇಳಿಯುತ್ತದೆ. 3 ವರ್ಷ ಕಳೆದಾಗ ಉಳಿಯುವುದು 50 ಲಕ್ಷ. ಆಗ 80 ಲಕ್ಷಕ್ಕೆ ಮಾರಿದರೆ 30 ಲಕ್ಷ ಲಾಭ. ಇನ್ನೊಂದು ವರ್ಷ ಇಟ್ಟುಕೊಂಡರೆ ಆಟ ಸಿಗುತ್ತದೆ, ಹಣ ಸಿಗುವುದಿಲ್ಲ. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇರುವುದಿಲ್ಲ, ಹಾಗಾಗಿ ಮಾರಿದ ಹಣ ಪೂರ್ತಿ ಲಾಭ. ಹಣ ಬೇಕಾದಾಗ ಕ್ಲಬ್ಬಿನ ಕಣ್ಣು ಮೊದಲು ಬೀಳುವುದು ಇಂಥ ಮನೆಮಕ್ಕಳ ಮೇಲೆ ಅನ್ನುವುದು ನನಗೆ ಬಹಳ ನೋವಿನ ಸಂಗತಿ. 2023ರಲ್ಲಿ ಕೇರಳ ಬ್ಲಾಸ್ಟರ್ಸ್ ಕ್ಲಬ್ ನಮ್ಮ ಪಕ್ಕದ ಕಣ್ಣೂರಿನ ಮಿಡ್‌ಫೀಲ್ಡರ್ ಸಹಲ್‌ನನ್ನು ಕೋಲ್ಕತ್ತದ ಮೋಹನ್ ಬಗಾನ್‌ಗೆ ಕೊಟ್ಟು, ಹಣದ ಜೊತೆ ಡಿಫೆಂಡರ್ ಪ್ರೀತಮ್ ಕೊಟಾಲ್‌ರನ್ನು ತಂದಿತು. ಒಂದೂವರೆ ವರ್ಷದಲ್ಲಿ ಕೊಟಾಲ್ ಚೆನ್ನೈನ ಕ್ಲಬ್ ಚೆನ್ನೈಯಿನ್‌ಗೆ ಹೋದರು. ಬಗಾನ್ ಆ ಎರಡೂ ಸೀಸನ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಅಂಕಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗುವ ಲೀಗ್ ಶೀಲ್ಡ್ ಎತ್ತಿತು.

ನಿಷ್ಠುರವಾಗಿರುತ್ತೇವೆ ಅನ್ನುವವರು ಮಾಡುವ ದೊಡ್ಡ ತಪ್ಪು ಜನ್ಮದಿನಾಂಕ ನೋಡಿ ತೀರ್ಮಾನಿಸುವುದು. 30 ದಾಟಿದವರಿಗೆ ಒಂದೇ ವರ್ಷದ ಒಪ್ಪಂದ ಅಂತ ಇಟಲಿಯ ಮಿಲಾನ್ ಕ್ಲಬ್ ಹಟ ಹಿಡಿಯಿತು. 32ರ ಪಿರ್ಲೊ 2011ರಲ್ಲಿ ಪುಕ್ಕಟೆಯಾಗಿ ಯುವೆಂಟಸ್‌ಗೆ ಹೋದರು, ಅವರಿದ್ದ ನಾಲ್ಕೂ ಸೀಸನ್ ಯುವೆಂಟಸ್ ಲೀಗ್ ಗೆದ್ದಿತು. 2020ರಲ್ಲಿ ಬಾರ್ಸಿಲೋನಾ 33ರ ಸುವಾರೆಸ್‌ನನ್ನು ಅಟ್ಲೆಟಿಕೊಗೆ ಬಿಟ್ಟುಕೊಟ್ಟಿತು. ಅದೇ ಸೀಸನ್‌ನಲ್ಲಿ ಅವನು ಲೀಗ್‌ನಲ್ಲಿ 21 ಗೋಲು ಹೊಡೆದ, ಕಪ್ ಅಟ್ಲೆಟಿಕೊ ಪಾಲಾಯಿತು. ಬೆಂಗಳೂರು ಎಫ್‌ಸಿ ಮಾತ್ರ ಛೆಟ್ರಿಯನ್ನು ಉಳಿಸಿಕೊಂಡಿತು. 40 ತುಂಬಿದ ಮೇಲೆ, 2024-25ರ ಐಎಸ್‌ಎಲ್‌ನಲ್ಲಿ ಅವರು ಹೊಡೆದದ್ದು 14 ಗೋಲು. ಕೆಲವು ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದೇ ಆಡಿದರು.

ಹಾಗಾದರೆ ನೋಡಬೇಕಾದ್ದೇನು? 60ನೇ ನಿಮಿಷದ ನಂತರ ವೇಗದ ಓಟಗಳು ಎಷ್ಟು ಇಳಿಯುತ್ತವೆ. ಪಂದ್ಯದ ಮರುದಿನ ಬಿಟ್ಟು ಮೂರನೇ ದಿನಕ್ಕೆ ಪೂರ್ತಿ ತರಬೇತಿಗೆ ಬರಲು ಆಗುತ್ತದಾ. ತೊಡೆಯ ಹಿಂಭಾಗ, ಮೀನಖಂಡ ಪದೇ ಪದೇ ಹಿಡಿಯುತ್ತದಾ. ಡಿಕ್ಕಿಯಲ್ಲಿ ಆದ ಪೆಟ್ಟು ಬೇರೆ, ಓಡುವಾಗ ತಾನಾಗಿಯೇ ಹಿಡಿಯುವ ಸ್ನಾಯು ಬೇರೆ, ದೇಹ ದಣಿದದ್ದರ ಗುರುತು ಎರಡನೆಯದು. ಜಾಗವೂ ಮುಖ್ಯ. ಮೈದಾನದ ಅಂಚಿನಲ್ಲಿ ಓಡುವ ವಿಂಗರ್, ಫುಲ್‌ಬ್ಯಾಕ್ ಮೊದಲು ಸೋಲುತ್ತಾರೆ, ಗೋಲಿನೆದುರು ನಡುವೆ ನಿಲ್ಲುವ ಸೆಂಟರ್‌ಬ್ಯಾಕ್, ಗೋಲ್‌ಕೀಪರ್ ಹೆಚ್ಚು ಕಾಲ ಬಾಳುತ್ತಾರೆ. ನಮ್ಮ ಯಕ್ಷಗಾನ ಮೇಳಗಳಿಗೆ ಇದು ಚೆನ್ನಾಗಿ ಗೊತ್ತು. ಧಿಗಿಣ (ಸುತ್ತುತ್ತಾ ಹಾರುವ ಕುಣಿತ) ಹಾರಿ ಪುಂಡುವೇಷ, ಅಂದರೆ ಎಳೆಯ ವೀರರ ವೇಷ ಮಾಡುತ್ತಿದ್ದವರಿಗೆ ಮಂಡಿ ಸೋತ ಮೇಲೆ ಮಾತಿಗೆ ಹೆಚ್ಚು ಜಾಗವಿರುವ ವೇಷ ಕೊಡುತ್ತಾರೆ. ಮೇ ಕೊನೆಯಲ್ಲಿ ಪತ್ತನಾಜೆಗೆ, ಮೇಳದ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟಕ್ಕೆ ಯಾವ ಮೇಳ ಅಂತ ನಿರ್ಧರಿಸಲು ಇಡೀ ಮಳೆಗಾಲ ಇರುತ್ತದೆ.

ಬಿಡಲೇಬೇಕು ಅಂತಾದರೆ ನವೆಂಬರ್ ಒಳಗೆ ಕೋಚ್, ಫಿಸಿಯೊ, ಲೆಕ್ಕ ನೋಡುವವರು ಕೂತು ತೀರ್ಮಾನಿಸಲಿ, ಡಿಸೆಂಬರ್‌ನಲ್ಲಿ ಅವನನ್ನು ಎದುರಿಗೆ ಕೂರಿಸಿ ಹೇಳಲಿ. ಅರ್ಧ ಮನಸ್ಸಿದ್ದರೆ ಒಂದು ವರ್ಷದ ಒಪ್ಪಂದ, ಇಷ್ಟು ಪಂದ್ಯ ಆಡಿದರೆ ಇನ್ನೊಂದು ವರ್ಷ ಎಂಬ ಷರತ್ತು ಇರಲಿ. ಆದರೆ ಆ ಷರತ್ತಿನಲ್ಲೂ ಒಂದು ಮೋಸದ ದಾರಿ ಇದೆ: 20 ಪಂದ್ಯ ಅಂತ ಬರೆದರೆ 19ಕ್ಕೆ ಬೆಂಚಿನಲ್ಲಿ ಕೂರಿಸಬಹುದು. ಅದಕ್ಕೆ ಆಡಲು ಫಿಟ್ ಆಗಿದ್ದ ಪಂದ್ಯಗಳನ್ನೂ ಎಣಿಸಬೇಕು ಅಂತ ಬರೆಸಬೇಕು. ಇನ್ನು ಕೆಲವರು ಬೇಡವಾದವನನ್ನು ತಂಡದಿಂದ ಬೇರೆಯಾಗಿ ಒಬ್ಬನೇ ಓಡಲು ಬಿಡುತ್ತಾರೆ, ಬೇಸತ್ತು ತಾನೇ ಹೋಗಲಿ ಅಂತ. ಒತ್ತಾಯಿಸಿ ಹೊರಹಾಕಲು ಹಾಗೆ ಮಾಡಿದರೆ ಫಿಫಾ ನಿಯಮದ ಪ್ರಕಾರ ಆಟಗಾರ ನ್ಯಾಯವಾದ ಕಾರಣಕ್ಕೆ ಒಪ್ಪಂದ ಮುರಿಯಬಹುದು. ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನದ ನೋಟಿಸ್ ಕೊಟ್ಟು ಕೂಡ ಮುರಿಯಬಹುದು. ನಮ್ಮ ಹುಡುಗರಿಗೆ ಇದು ಗೊತ್ತಿರಬೇಕು ಮಾರಾಯ್ರೇ, ಏಜೆಂಟ್ ಹೇಳುತ್ತಾನೆ ಅಂತ ಕೂರಬಾರದು.

2015ರ ಜುಲೈನಲ್ಲಿ ಗೋಲ್‌ಕೀಪರ್ ಕಸಿಯಾಸ್ ರಿಯಲ್ ಮ್ಯಾಡ್ರಿಡ್ ಬಿಟ್ಟ ದಿನ ನೆನಪಿಸಿಕೊಳ್ಳಿ. ಚಿಕ್ಕ ಹುಡುಗನಾಗಿ ಬಂದು 25 ವರ್ಷ ಇದ್ದ ಕ್ಲಬ್. ಮೈಕಿನ ಮುಂದೆ ಒಬ್ಬರೇ ಕೂತು ಅಳುತ್ತಾ ಕಾಗದ ಓದಿದರು, ಕ್ಲಬ್ಬಿನ ಹಿರಿಯರು ಯಾರೂ ಪಕ್ಕದಲ್ಲಿರಲಿಲ್ಲ. ಮರುದಿನ ಇನ್ನೊಂದು ಬೀಳ್ಕೊಡುಗೆ ಏರ್ಪಡಿಸಿದರು. ಆದರೆ ಜನರ ಕಣ್ಣಲ್ಲಿ ಉಳಿದದ್ದು ಆ ಒಂಟಿ ಕುರ್ಚಿ.

ಬ್ಲಾಸ್ಟರ್ಸ್‌ಗೆ ಆಡಿದ ನಮ್ಮ ತ್ರಿಕ್ಕರಿಪುರದ ಸ್ಟ್ರೈಕರ್ ರಾಫಿ ಅವರ ಕಥೆಯೂ ಈ ಜಗಳದಲ್ಲಿ ಬರುತ್ತದೆ. 2016ರ ಡಿಸೆಂಬರ್ 18, ಕೊಚ್ಚಿಯಲ್ಲಿ ಐಎಸ್‌ಎಲ್ ಫೈನಲ್, 37ನೇ ನಿಮಿಷ. ಮೆಹ್ತಾಬ್ ಹೊಡೆದ ಕಾರ್ನರ್‌ಗೆ ಎಗರಿ ತಲೆಕೊಟ್ಟು ಗೋಲು. ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ ಸೋತಿತು ಅನ್ನುವುದು ಬೇರೆ ಮಾತು. ಮುಂದಿನ ಸೀಸನ್‌ಗೆ ಅವರನ್ನು ಬಿಟ್ಟರು ಅಂತ ಇಂದಿಗೂ ಕೋಪಿಸಿಕೊಳ್ಳುವವರಿದ್ದಾರೆ. ಆದರೆ ಹಿರಿಯ ಭಾರತೀಯರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದೆಂಬ ನಿಯಮ ಆ ವರ್ಷ ಇತ್ತು. ವಿನೀತ್, ಝಿಂಗನ್ ಉಳಿದರು. ಡ್ರಾಫ್ಟ್‌ನಲ್ಲಿ ರಾಫಿ ಚೆನ್ನೈಯಿನ್‌ಗೆ ಹೋದರು, ಚೆನ್ನೈಯಿನ್ ಅದೇ ಸೀಸನ್ ಕಪ್ ಗೆದ್ದಿತು. 2019ರಲ್ಲಿ, 37ನೇ ವಯಸ್ಸಿನಲ್ಲಿ, ಬ್ಲಾಸ್ಟರ್ಸ್ ಅವರನ್ನು ಮತ್ತೆ ಕರೆಯಿತು. ಬಾಗಿಲು ಮುಚ್ಚದೆ ಬಿಟ್ಟಿದ್ದರಿಂದ ಅದು ಸಾಧ್ಯವಾಯಿತು ಅಂತ ನಾನು ನಂಬುತ್ತೇನೆ.

ಇದೆಲ್ಲ ಒಪ್ಪಂದ ಇದ್ದವರ ಮಾತಾಯಿತು. ತಂಡಕ್ಕೆ ಏಳೇ ಜನ ಆಡುವ ನಮ್ಮ ಸೆವೆನ್ಸ್ ಟೂರ್ನಿಗಳಲ್ಲಿ ಕಾಗದವೇ ಇಲ್ಲ, ಪಂದ್ಯಕ್ಕೆ ಇಷ್ಟು ಅಂತ ಕೈಗೆ ಕೊಡುತ್ತಾರೆ. 34ರ ಡಿಫೆಂಡರ್‌ಗೆ ತಾನು ಬೇಡವಾದದ್ದು ಗೊತ್ತಾಗುವುದು ಮ್ಯಾನೇಜರ್ ಫೋನ್ ಬರದೇ ಹೋದಾಗ, ಅಷ್ಟರಲ್ಲಿ ಉಳಿದ ತಂಡಗಳೂ ಭರ್ತಿಯಾಗಿರುತ್ತವೆ. ತಂಡ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೆ: ಟೂರ್ನಿಯ ದಿನ ನಿಗದಿಯಾದ ವಾರವೇ, ಹೊಸಬನಿಗೆ ಮುಂಗಡ ಕೊಡುವ ಮೊದಲು, ಹಳಬನಿಗೆ ಒಂದು ಫೋನ್ ಮಾಡಿ.