ಮಿಕ್ಕ ಮೊಟ್ಟೆಯ ಬೆಲೆ

ದಿನವೂ ಹೊಸಪೇಟೆ, ಮೈಸೂರು, ಬೆಂಗಳೂರು ಎಂದು ಊರಿಗೊಂದರಂತೆ ಮೊಟ್ಟೆಯ ದರ ಪ್ರಕಟವಾಗುತ್ತದೆ. ನೂರು ಮೊಟ್ಟೆಗೆ ಇಷ್ಟು ಎಂಬುದು ಅಲ್ಲಿನ ಲೆಕ್ಕ. ಎನ್‌ಇಸಿಸಿ ಎಂದೇ ಎಲ್ಲರ ಬಾಯಲ್ಲಿ ಓಡಾಡುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ 1982ರಲ್ಲಿ ಹುಟ್ಟುವವರೆಗೆ ಈ ದರವನ್ನು ಹೇಳುತ್ತಿದ್ದವರು ವ್ಯಾಪಾರಿಗಳು ಮತ್ತು ದಲ್ಲಾಳಿಗಳು. ಕೋಳಿ ಸಾಕಿದವನದು, ಬೆಲೆ ಕೊಳ್ಳುವವನದು ಎಂಬಂತಿದ್ದ ಕಾಲವದು. ಕೋಳಿ ಉದ್ಯಮಿ ಡಾ. ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ ‘ನನ್ನ ಮೊಟ್ಟೆ, ನನ್ನ ಬೆಲೆ, ನನ್ನ ಬದುಕು’ ಎಂದು ಒಟ್ಟಾದ ಸಾಕಣೆದಾರರು ಆ ಮಾತಿನ ಹಕ್ಕನ್ನು ತಮ್ಮ ಕೈಗೆ ತೆಗೆದುಕೊಂಡರು. ಸಾವಿರಗಟ್ಟಲೆ ಕೋಳಿಗಳಿಗೆ ಶೆಡ್ಡು ಕಟ್ಟಿದವರಿಗೆ ಇದರಿಂದ ಒಂದು ಆಸರೆಯಾಯಿತು. ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಬಿಟ್ಟುಕೊಂಡು, ಮನೆಯವರು ತಿಂದು ಮಿಕ್ಕ ಮೊಟ್ಟೆಯನ್ನು ಬೀದಿಯವರಿಗೆ ಮಾರುವ ನನ್ನಂಥವರಿಗೆ ಮಾತ್ರ ಯಾವ ಸಮಿತಿಯೂ ಇಲ್ಲ. ನನ್ನ ಮೊಟ್ಟೆ, ನನ್ನ ಬೆಲೆ ಎನ್ನುವ ಸ್ವಾತಂತ್ರ್ಯವೇನೋ ಪೂರ್ತಿಯಾಗಿದೆ, ಬಾಗಿಲಿಗೆ ಬಂದವರು “ಎಷ್ಟು?” ಎಂದು ಕೇಳಿದಾಗ ಹೇಳಬೇಕಾದ ಅಂಕಿ ಮಾತ್ರ ಬಾಯಿಗೆ ಬರುವುದಿಲ್ಲ.

ಖರ್ಚು ನೋಡಿ ಬೆಲೆ ಕಟ್ಟಿ ಎನ್ನುವುದು ತಿಳಿದವರ ಸಲಹೆ. ಅದನ್ನು ಪಾಲಿಸಲು ಕಾಗದ ಪೆನ್ಸಿಲು ಹಿಡಿದು ಕುಳಿತವನಿಗೆ ಕೋಳಿ ಸಾಕುವ ಉತ್ಸಾಹವೇ ಇಳಿದುಹೋಗುವ ಅಪಾಯವಿದೆ. ಮೊಟ್ಟೆಯಿಡುವ ಹೇಂಟೆಯೊಂದು ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನುತ್ತದೆ. ಮುಸುಕಿನ ಜೋಳ, ಸೋಯಾ ಹಿಂಡಿ, ಸುಣ್ಣದಂಶ ಸೇರಿದ ಸಿದ್ಧ ಮೇವನ್ನು ಕಿಲೋಗೆ 32 ರೂಪಾಯಿಯಂತೆ ಚಿಲ್ಲರೆಯಲ್ಲಿ ತಂದರೆ ದಿನಕ್ಕೆ ಮೂರೂವರೆ ರೂಪಾಯಿ, ವರ್ಷಕ್ಕೆ 1,280 ರೂಪಾಯಿಯ ಮೇಲೆ. ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮೊಟ್ಟೆಯಿಡುವ ಫಾರಂ ಕೋಳಿಗೆ ಇದನ್ನು ಹಂಚಿದರೆ ಮೊಟ್ಟೆಯೊಂದಕ್ಕೆ ನಾಲ್ಕು ರೂಪಾಯಿ ಚಿಲ್ಲರೆ ಬೀಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ಗಿರಿರಾಜ ತಳಿ ವರ್ಷಕ್ಕೆ 140ರ ಆಸುಪಾಸಿನಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೆ ಒಂಬತ್ತು ರೂಪಾಯಿ. ಅಪ್ಪಟ ನಾಟಿ ಹೇಂಟೆ ಒಂದಷ್ಟು ಇಟ್ಟು, ಕಾವಿಗೆ ಕೂತು, ಮರಿಗಳ ಹಿಂದೆ ತಿರುಗಿ, ಮತ್ತೆ ಮನಸ್ಸು ಬಂದಾಗ ಇಟ್ಟು, ವರ್ಷಕ್ಕೆ ಅರವತ್ತು ಮುಟ್ಟಿಸಿದರೆ ದೊಡ್ಡದು. ಅದರ ಮೊಟ್ಟೆಗೆ ಮೇವಿನ ಖರ್ಚೇ ಇಪ್ಪತ್ತೊಂದು ರೂಪಾಯಿ! ಇದಕ್ಕೆ ಗೂಡಿನ ಜಾಲರಿ, ರಾಣಿಖೇತ್ ರೋಗದ ಲಸಿಕೆ, ಮುಂಗುಸಿ ಹೊತ್ತೊಯ್ದ ಪಾಲು ಮತ್ತು ದಿನಾ ಬೆಳಿಗ್ಗೆ ಗೂಡು ಗುಡಿಸುವವರ ಕೂಲಿಯನ್ನು ಕೂಡಿಸಿದರೆ ಮೊಟ್ಟೆಯನ್ನು ಅಕ್ಕಸಾಲಿಗನ ಅಂಗಡಿಯಲ್ಲಿ ಇಟ್ಟು ಮಾರಬೇಕಾಗುತ್ತದೆ.

ನಮ್ಮ ಹಿರಿಯರು ಈ ಲೆಕ್ಕವನ್ನು ಮಾಡದೆಯೇ ಕೋಳಿ ಸಾಕಿದ್ದಕ್ಕೆ ಕಾರಣವಿದೆ. ಅವರ ಕೋಳಿಗೆ ಯಾರೂ ಮೇವನ್ನು ಕೊಂಡು ತರುತ್ತಿರಲಿಲ್ಲ. ಕಣದಲ್ಲಿ ಚೆಲ್ಲಿದ ರಾಗಿ, ಕೇರಿದ ನುಚ್ಚು, ತಿಪ್ಪೆಯ ಹುಳು, ಗೆದ್ದಲು, ಬೇಲಿಯ ಸೊಪ್ಪು ತಿಂದು ಸಂಜೆ ತಾನಾಗಿ ಮಂಕರಿಯ ಕೆಳಗೆ ಸೇರುತ್ತಿದ್ದ ಕೋಳಿ ಇಟ್ಟದ್ದೆಲ್ಲವೂ ಲಾಭವೇ. ಆ ಲಾಭ ಬಹಳ ಮನೆಗಳಲ್ಲಿ ಹೆಂಗಸರದ್ದಾಗಿತ್ತು. ಹೊಲದ ದುಡ್ಡಿನ ಲೆಕ್ಕ ಕೇಳುತ್ತಿದ್ದ ಯಜಮಾನರು ಮೊಟ್ಟೆಯ ದುಡ್ಡಿನ ಲೆಕ್ಕ ಕೇಳುತ್ತಿರಲಿಲ್ಲ. ಊರಂಚಿನ ಬಡಾವಣೆಯಲ್ಲಿ, ಸೈಟಿನ ಅಳತೆಯೊಳಗೆ ಕೋಳಿ ಸಾಕುವ ನಮಗೆ ಕಣವೂ ಇಲ್ಲ, ತಿಪ್ಪೆಯೂ ಇಲ್ಲ. ಅಡುಗೆಮನೆಯ ಅನ್ನ, ತರಕಾರಿ ಅಂಗಡಿಯವರು ಬಿಸಾಡುವ ಕೋಸಿನ ಎಲೆ, ಅರ್ಧ ಪಾಲು ಕೊಂಡ ಮೇವು ಎಂದು ಹೊಂದಿಸಿಕೊಂಡು, ಉಳಿದದ್ದನ್ನು ಮನೆಗೆ ತಾಜಾ ಮೊಟ್ಟೆ ಸಿಗುತ್ತದಲ್ಲ ಎಂಬ ಖಾತೆಗೆ ಬರೆಯುತ್ತೇವೆ. ಹಾಗೆ ಬರೆದ ಮೇಲೆ ಮಿಕ್ಕ ಮೊಟ್ಟೆಗೆ ಹತ್ತು ರೂಪಾಯಿ ಬಂದರೂ ನಷ್ಟವೆನ್ನುವಂತಿಲ್ಲ, ಹದಿನೈದು ಬಂದರೂ ಲಾಭವೆನ್ನುವಂತಿಲ್ಲ.

ಆದರೆ ಪೇಟೆಯಲ್ಲಿ ನಾಟಿ ಮೊಟ್ಟೆ ಎಂಬ ಹೆಸರಿಗೇ ಒಂದು ಬೆಲೆಯಿದೆ. ಫಾರಂ ಮೊಟ್ಟೆ ಆರು ಏಳು ರೂಪಾಯಿಗೆ ಸಿಗುವ ಅಂಗಡಿಯಲ್ಲಿಯೇ ನಾಟಿ ಎಂದರೆ ಹದಿನೈದು. ಕಂದು ಬಣ್ಣದ ಚಿಪ್ಪು ಕಂಡರೆ ಜನ ನಾಟಿ ಎಂದು ನಂಬುತ್ತಾರೆ. ಚಿಪ್ಪಿನ ಬಣ್ಣ ತಳಿಯ ಗುಣವೇ ಹೊರತು ಕೋಳಿ ಬಯಲಲ್ಲಿ ತಿರುಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ, ಪಂಜರದಲ್ಲಿಯೇ ಬಾಳು ಕಳೆಯುವ ಫಾರಂ ತಳಿಗಳಲ್ಲಿಯೂ ಕಂದು ಮೊಟ್ಟೆಯಿಡುವವು ಇವೆ. ಮೊಟ್ಟೆಯೊಳಗಿನ ಭಂಡಾರದ ಹಳದಿಯೂ ಹೀಗೆಯೇ. ಮುಸುಕಿನ ಜೋಳ ಮತ್ತು ಹಸಿರು ಸೊಪ್ಪು ಹೆಚ್ಚು ತಿಂದ ಕೋಳಿಯದು ಗಾಢವಾಗುತ್ತದೆ. ಫಾರಂನವರು ಮೇವಿಗೆ ಚೆಂಡುಹೂವಿನ ಸಾರವನ್ನು ಬೆರೆಸಿಯೂ ಅದೇ ಬಣ್ಣ ಬರಿಸಬಲ್ಲರು. ತೂಕಕ್ಕೆ ಇಟ್ಟರೆ ನಾಟಿ ಮೊಟ್ಟೆ ನಲವತ್ತು ಗ್ರಾಂ ತೂಗುವುದು ಹೆಚ್ಚು. ಅಗ್‌ಮಾರ್ಕ್ ವರ್ಗೀಕರಣದಲ್ಲಿ 38ರಿಂದ 44 ಗ್ರಾಮಿನದು ‘ಸಣ್ಣ’ ಎಂಬ ಕಡೆಯ ಸಾಲಿಗೆ ಸೇರುತ್ತದೆ. ಸಣ್ಣದಾದಷ್ಟೂ ಬೆಲೆ ಏರುವ ಪದಾರ್ಥ ಏಲಕ್ಕಿ ಬಾಳೆಯನ್ನು ಬಿಟ್ಟರೆ ಬಹುಶಃ ಇದೊಂದೇ.

ನನ್ನ ಹಿತ್ತಲಿನವುಗಳಲ್ಲಿ ಹೆಚ್ಚಿನವು ಗಿರಿರಾಜದ ಬೆರಕೆ. ಅವುಗಳ ಮೊಟ್ಟೆಯನ್ನು ನಾಟಿ ಎಂದು ಮಾರುವುದು ಸುಲಭ, ಕೇಳಿ ಪರೀಕ್ಷಿಸುವವರು ಯಾರೂ ಇಲ್ಲ. ಆದರೂ ನಾನು ‘ಮನೆ ಕೋಳಿ ಮೊಟ್ಟೆ’ ಎಂದಷ್ಟೇ ಹೇಳುತ್ತೇನೆ ಮತ್ತು ಹತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ. ಇದು ಸತ್ಯಹರಿಶ್ಚಂದ್ರನ ವ್ರತವೇನೂ ಅಲ್ಲ. ಅಪರಿಚಿತನಿಗೆ ಒಮ್ಮೆ ಮಾರುವವನು ಹೆಸರಿನ ಮೇಲೆ ಐದು ರೂಪಾಯಿ ದುಡಿಯಬಹುದು. ಗೋಡೆಯಾಚೆಯಿಂದ ನಮ್ಮ ಕೋಳಿಯ ಬಣ್ಣ, ಗಾತ್ರ, ಅದು ತಿನ್ನುವ ಮೇವಿನ ಚೀಲ ಎಲ್ಲವನ್ನೂ ದಿನಾ ನೋಡುವವರಿಗೆ ಹೆಸರನ್ನು ಮಾರಲಾಗುವುದಿಲ್ಲ. ಅವರು ನನ್ನಿಂದ ಕೊಳ್ಳುವುದು ಮೊಟ್ಟೆ ಯಾವ ದಿನದ್ದು ಎಂಬ ಖಾತರಿಯನ್ನು. ಆದ್ದರಿಂದ ಗೂಡಿನಿಂದ ತೆಗೆದ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದಿಡುವ ಅಭ್ಯಾಸವನ್ನು ಇಟ್ಟುಕೊಂಡಿದ್ದೇನೆ. ನನ್ನ ಅನುಭವದಲ್ಲಿ ಬೆಲೆಯ ಬಗ್ಗೆ ಎದ್ದ ತಕರಾರುಗಳನ್ನು ಈ ಒಂದು ತಾರೀಖು ತಣಿಸಿದಷ್ಟು ಮತ್ತಾವ ವಾದವೂ ತಣಿಸಿಲ್ಲ.

ಕೊಳ್ಳುವವರ ಪರೀಕ್ಷೆಗಳು ಬೇರೆಯೇ. ಹಳಬರು ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಬೆರಳುಗಳ ಕೊಳವೆ ಮಾಡಿ ಬಿಸಿಲಿಗೆ ಹಿಡಿಯುತ್ತಾರೆ. ಮೊಬೈಲಿನಲ್ಲಿ ಕಲಿತ ಕಿರಿಯರು ನೀರಿನ ಪಾತ್ರೆ ಕೇಳುತ್ತಾರೆ. ಹೊಸ ಮೊಟ್ಟೆ ತಳದಲ್ಲಿ ಮಲಗುತ್ತದೆ, ದಿನ ಕಳೆದದ್ದು ಒಳಗಿನ ಗಾಳಿಯ ಚೀಲ ಹಿಗ್ಗಿ ತಳದಲ್ಲಿಯೇ ನೆಟ್ಟಗೆ ನಿಲ್ಲುತ್ತದೆ, ತೀರ ಹಳತಾದದ್ದು ತೇಲುತ್ತದೆ. ಪರೀಕ್ಷೆ ಸರಿಯಾದದ್ದೇ, ಆದರೆ ನೀರಿಗೆ ಬಿದ್ದ ಮೊಟ್ಟೆಯನ್ನು ಅವರೇ ಕೊಂಡುಕೊಂಡು ಬೇಗ ಬಳಸಬೇಕೆಂಬುದು ನನ್ನ ಷರತ್ತು. ಚಿಪ್ಪಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿರುವ ತೆಳ್ಳನೆಯ ಲೇಪ ತೊಳೆದರೆ ಹೋಗುತ್ತದೆ. ಮಳೆಗಾಲದಲ್ಲಿ ಕೆಸರು ಮೆತ್ತಿದ ಮೊಟ್ಟೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ಕೊಟ್ಟರೆ “ತೊಳೆದು ಕೊಡಬಾರದೇನ್ರೀ?” ಎನ್ನುವವರಿಗೆ ಇದನ್ನು ಪ್ರತಿ ಆಷಾಢದಲ್ಲಿಯೂ ಹೊಸದಾಗಿ ವಿವರಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು ಹತ್ತಿರದವರಿಗೆ ಬೆಲೆ ಹೇಳುವುದು. ಎದುರು ಮನೆಯವರು ಹಬ್ಬಕ್ಕೆ ಒಬ್ಬಟ್ಟು ಕಳಿಸಿದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಲಾಗದೆ ನಾಲ್ಕು ಮೊಟ್ಟೆ ಇಟ್ಟು ಕಳಿಸಿದೆವೆನ್ನಿ. ಮರುವಾರ ಅದೇ ಮನೆಯ ಹುಡುಗ ನಲವತ್ತು ರೂಪಾಯಿ ಹಿಡಿದು ಬಂದರೆ ಅವನಿಂದ ದುಡ್ಡು ಪಡೆಯುವುದು ಹೇಗೆ, ಪಡೆಯದಿದ್ದರೆ ಅವರು ಮತ್ತೆ ಕೇಳಲು ಸಂಕೋಚಪಡದಿರುವುದು ಹೇಗೆ? ಪುಕ್ಕಟೆ ಕೊಟ್ಟರೆ ಎರಡು ಸಲದ ಮೇಲೆ ಅವರು ಕೇಳುವುದನ್ನು ಬಿಡುತ್ತಾರೆ, ಮಿಕ್ಕ ಮೊಟ್ಟೆ ನಮ್ಮಲ್ಲಿಯೇ ಉಳಿಯುತ್ತದೆ. ನನ್ನ ಮನೆಯಾಕೆ ಇದಕ್ಕೆ ಕಂಡುಕೊಂಡ ದಾರಿ ಎಂದರೆ ದರವನ್ನು ಹತ್ತಕ್ಕೇ ನಿಲ್ಲಿಸಿ, ಆರು ಕೊಂಡವರಿಗೆ ಏಳನೆಯದನ್ನು ಕೊಸರು ಹಾಕುವುದು. ಕೊಸರು ಕೊಟ್ಟರೆ ವ್ಯಾಪಾರವೂ ಉಳಿಯುತ್ತದೆ, ಬಾಂಧವ್ಯವೂ ಉಳಿಯುತ್ತದೆ. ದರ ಇಳಿಸಿದರೆ ಎರಡಕ್ಕೂ ಕುಂದು. ಇವರಿಗೆ ಎಂಟು, ಅವರಿಗೆ ಹತ್ತು ಎಂಬ ಸುದ್ದಿ ನೀರು ಬಿಡುವ ಹೊತ್ತಿಗೆ ಬೀದಿಯ ತುದಿ ಮುಟ್ಟಿರುತ್ತದೆ.

ಸಮಿತಿಯ ದರ ಋತುವಿಗೆ ತಕ್ಕಂತೆ ಏರಿಳಿಯುತ್ತದೆ: ಚಳಿಗಾಲದಲ್ಲಿ ಬೇಡಿಕೆ ಹೆಚ್ಚಿ ಏರಿಕೆ, ಶ್ರಾವಣದಲ್ಲಿ ಇಳಿಕೆ. ಮನೆಯ ದರ ಹಾಗೆ ಕುಣಿಯಬಾರದು ಎಂಬುದು ನನ್ನ ಅಭಿಪ್ರಾಯ. ಬೇಸಿಗೆಯ ಸೆಕೆಗೆ ಕೋಳಿಗಳು ಇಡುವುದನ್ನು ಕಡಿಮೆ ಮಾಡಿದಾಗ ಹದಿನಾಲ್ಕು ಎನ್ನುವವನು ಶ್ರಾವಣದಲ್ಲಿ ಆರಕ್ಕೆ ಇಳಿಯಲೂ ಸಿದ್ಧನಿರಬೇಕಾಗುತ್ತದೆ, ಆರಕ್ಕೆ ಒಮ್ಮೆ ಇಳಿದವನನ್ನು ಮತ್ತೆ ಹತ್ತಕ್ಕೆ ಏರಲು ಬೀದಿ ಬಿಡುವುದಿಲ್ಲ. ಸೋಜಿಗವೆಂದರೆ ಮಳೆ ಬಿದ್ದು ತಂಪಾಗಿ, ಹಸಿರೂ ಹುಳುಹುಪ್ಪಟೆಯೂ ಸಮೃದ್ಧಿಯಾಗಿ ಹೇಂಟೆಗಳು ಹುರುಪಿನಿಂದ ಇಡತೊಡಗುವ ಹೊತ್ತಿಗೆ ಸರಿಯಾಗಿ ಶ್ರಾವಣ ಬರುತ್ತದೆ. ಸೋಮವಾರ, ಶನಿವಾರ ಬಿಡುವವರು ಇಡೀ ತಿಂಗಳೇ ಬಿಡುತ್ತಾರೆ. ಕೋಳಿಯನ್ನು ಕೇಳಿ ಖಾರ ಅರೆಯುವುದಿಲ್ಲ ಎಂಬ ಗಾದೆ ನಮ್ಮದು. ಪಂಚಾಂಗವನ್ನು ಕೇಳಿ ಮೊಟ್ಟೆಯಿಡುವ ಪದ್ಧತಿಯೂ ಕೋಳಿಗಳಲ್ಲಿ ಇಲ್ಲ.

ಆಗ ತಟ್ಟೆಯಲ್ಲಿ ಏರುವ ಮೊಟ್ಟೆಗೆ ಬೆಲೆಯನ್ನು ಬೇರೆ ರೂಪದಲ್ಲಿ ಪಡೆಯಬೇಕು. ಗಿರಿರಾಜದವುಗಳಿಗೆ ಕಾವಿನ ಮೇಲೆ ಅಷ್ಟು ಶ್ರದ್ಧೆಯಿಲ್ಲ. ಆದ್ದರಿಂದ ಗುಂಪಿನಲ್ಲಿ ಒಂದೆರಡು ನಾಟಿ ಹೇಂಟೆಗಳನ್ನು ಇಟ್ಟುಕೊಳ್ಳುವುದು ಜಾಣತನ. ಕಾವಿಗೆ ಕೂತು ಹತ್ತಿರ ಹೋದವರ ಕೈ ಕುಕ್ಕುವ ಅಂಥದೊಂದರ ಕೆಳಗೆ, ಹೊಸ ತಾರೀಖಿನವೇ ಆರಿಸಿ ಹತ್ತು ಹನ್ನೆರಡು ಮೊಟ್ಟೆಗಳನ್ನು ಮಂಕರಿಯ ಹುಲ್ಲಿನಲ್ಲಿ ಇಟ್ಟರೆ ಇಪ್ಪತ್ತೊಂದು ದಿನಕ್ಕೆ ಮರಿ. ಹದ್ದು, ಬೆಕ್ಕುಗಳ ಪಾಲು ಕಳೆದು ಉಳಿದವುಗಳಲ್ಲಿ ಅರ್ಧದಷ್ಟು ಹುಂಜಗಳೇ ಆಗಿರುತ್ತವೆ. ಮೊಟ್ಟೆಯ ಲೆಕ್ಕದಲ್ಲಿ ಅವು ಬರೀ ಮೇವಿನ ದಂಡ. ಆದರೆ ಭಾದ್ರಪದದಲ್ಲಿ ಒಡೆದ ಮರಿ ಯುಗಾದಿಯ ಹೊತ್ತಿಗೆ ತುರಾಯಿ ಕೆಂಪಾಗಿ, ಬೇಲಿಯ ಮೇಲೆ ಹತ್ತಿ ಕೂಗುವಷ್ಟು ಬೆಳೆದಿರುತ್ತದೆ, ಮರುದಿನವೇ ಮಾಂಸದೂಟದ ವರ್ಷತೊಡಕು. ಹತ್ತು ರೂಪಾಯಿಯ ಮೊಟ್ಟೆಗೆ ವರ್ಷವಿಡೀ ಚೌಕಾಸಿ ಮಾಡಿದವರು ಎರಡು ವಾರ ಮುಂಚೆಯೇ ಬಂದು, ಹುಂಜವನ್ನು ಕಾಲು ಹಿಡಿದೆತ್ತಿ ತೂಕ ಅಂದಾಜು ಮಾಡಿ, ಹೇಳಿದ ಬೆಲೆಗೆ ತುಟಿ ಬಿಚ್ಚದೆ ಮುಂಗಡ ಕೊಟ್ಟು, ಕಾಲಿಗೆ ಗುರುತಿನ ದಾರ ಕಟ್ಟಿ ಹೋಗುತ್ತಾರೆ.