ಗೆದ್ದವನಿಗೂ ಗೇಟ್‌ಪಾಸ್

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ 2018ರ ಜೂನ್ ತಿಂಗಳಲ್ಲಿ ಆ ಸಾಲಿನ ಅತ್ಯುತ್ತಮ ಕೋಚ್ ಪ್ರಶಸ್ತಿಯನ್ನು ಡ್ವೇನ್ ಕೇಸಿ ಅವರಿಗೆ ಕೊಟ್ಟಿತು. ಟೊರಾಂಟೊ ರ‍್ಯಾಪ್ಟರ್ಸ್ ತಂಡಕ್ಕೆ 59 ಗೆಲುವುಗಳನ್ನು ತಂದುಕೊಟ್ಟು, ಅದನ್ನು ಲೀಗಿನ ಎರಡು ಭಾಗಗಳಲ್ಲಿ ಒಂದಾದ ಈಸ್ಟರ್ನ್ ಕಾನ್ಫರೆನ್ಸಿನ ಅಗ್ರಸ್ಥಾನದಲ್ಲಿ ಕೂರಿಸಿದ್ದಕ್ಕೆ ಸಂದ ಗೌರವ ಅದು. ಇದರಲ್ಲಿದ್ದ ಸಣ್ಣ ತೊಡಕೆಂದರೆ, ಅದೇ ತಂಡ ಅದೇ ಸಾಲಿನ ಅದೇ ಕೆಲಸಕ್ಕಾಗಿ ಅವರನ್ನು ಮೇ ತಿಂಗಳಲ್ಲೇ ಮನೆಗೆ ಕಳುಹಿಸಿಯಾಗಿತ್ತು. ಪ್ಲೇಆಫ್‌ನ ಎರಡನೇ ಸುತ್ತಿನಲ್ಲಿ ಲೀಗಿನ ಮಹಾತಾರೆ ಲೆಬ್ರಾನ್ ಜೇಮ್ಸ್ ಇದ್ದ ಕ್ಲೀವ್‌ಲ್ಯಾಂಡ್ ತಂಡದ ಎದುರು ಆಡಿದ ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಸೋತದ್ದು ಅವರು ಮಾಡಿದ ಅಪರಾಧ. ಪ್ರಶಸ್ತಿ ಕೈಗೆ ಬರುವ ಹೊತ್ತಿಗೆ ಕೇಸಿ ಡೆಟ್ರಾಯ್ಟ್ ತಂಡದ ಕೋಚ್ ಆಗಿದ್ದರು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಎನ್‌ಬಿಎ ಅಭಿಮಾನಿಗಳ ನ್ಯಾಯಸಂಹಿತೆಯನ್ನು ಬಲ್ಲವರಿಗೆ ಇದರಲ್ಲಿ ಯಾವ ವಿರೋಧಾಭಾಸವೂ ಕಾಣುವುದಿಲ್ಲ. ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ 82 ಪಂದ್ಯಗಳು ಕೋಚ್ ಒಬ್ಬರು ಕೆಲಸ ಬಲ್ಲವರೆಂದು ಸಾಬೀತುಪಡಿಸುವುದಕ್ಕೆ ಇವೆ. ಆಮೇಲಿನ ಪ್ಲೇಆಫ್ ಇರುವುದು ಅವರಿಗೆ ಕೆಲಸವೇ ಗೊತ್ತಿಲ್ಲವೆಂದು ಸಾಬೀತುಪಡಿಸುವುದಕ್ಕೆ. ಹದಿನಾರು ತಂಡಗಳು ಪ್ಲೇಆಫ್‌ಗೆ ಬರುತ್ತವೆ, ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ, ನಾಲ್ಕನ್ನು ಮೊದಲು ಗೆದ್ದವರು ಮುಂದಕ್ಕೆ, ಕೊನೆಗೆ ಗೆಲ್ಲುವುದು ಒಂದೇ ತಂಡ. ಆದ್ದರಿಂದ ಪ್ರತಿ ಜೂನ್ ತಿಂಗಳ ಕೊನೆಗೆ ಹದಿನೈದು ಮಂದಿ ದಡ್ಡ ಕೋಚ್‌ಗಳು ಪತ್ತೆಯಾಗುವುದು ಗಣಿತದ ಪ್ರಕಾರ ಖಚಿತ. ನ್ಯೂಯಾರ್ಕಿನ ಬಾರಿನಲ್ಲಿ ಕೂತವರಿಂದ ಹಿಡಿದು, ಬೆಂಗಳೂರಿನಲ್ಲಿ ಬೆಳಗಿನ ಆರಕ್ಕೆ ಅಲಾರಂ ಇಟ್ಟು ಎದ್ದು, ಮನೆಯವರ ನಿದ್ದೆ ಕೆಡದಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುವವರವರೆಗೆ, ಈ ಪತ್ತೇದಾರಿಕೆಯಲ್ಲಿ ಎಲ್ಲರಿಗೂ ಸಮಪಾಲು.

ಇಷ್ಟು ಕಠಿಣವಾದ ನ್ಯಾಯ ಯಾವ ಸಾಕ್ಷ್ಯದ ಮೇಲೆ ನಿಂತಿದೆ ಎಂದು ತಿಳಿಯಬೇಕಾದರೆ ಇಬ್ಬರು ಆಟಗಾರರ ಕಾಲ್ಬೆರಳುಗಳನ್ನು ಪರಿಶೀಲಿಸಬೇಕು.

ಮೊದಲನೆಯದು ಕೆವಿನ್ ಡ್ಯುರಾಂಟ್ ಅವರದು. 2021ರ ಜೂನ್ 19ರಂದು ಬ್ರೂಕ್ಲಿನ್ ನೆಟ್ಸ್ ಮತ್ತು ಮಿಲ್ವಾಕಿ ಬಕ್ಸ್ ನಡುವೆ ಎರಡನೇ ಸುತ್ತಿನ ಏಳನೇ ಪಂದ್ಯ ನಡೆಯುತ್ತಿತ್ತು. ಮಿಲ್ವಾಕಿಯ ಕೋಚ್ ಮೈಕ್ ಬುಡೆನ್‌ಹೋಲ್ಜರ್ ಅಂದು ಸೋತರೆ ಅವರ ಕೆಲಸ ಹೋಗುವುದು ಖಂಡಿತ ಎಂದು ಪತ್ರಕರ್ತರೂ ಅಭಿಮಾನಿಗಳೂ ಸರಣಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ಬ್ರೂಕ್ಲಿನ್ ಎರಡು ಅಂಕ ಹಿಂದಿತ್ತು, ಆಟ ಮುಗಿಯಲು ಉಳಿದದ್ದು ಕೆಲವೇ ಸೆಕೆಂಡು. ಡ್ಯುರಾಂಟ್ ಗಿರಕ್ಕನೆ ತಿರುಗಿ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಮೂರು ಅಂಕ ಬಂದಿದ್ದರೆ ಬ್ರೂಕ್ಲಿನ್ ಒಂದು ಅಂಕದಿಂದ ಮುಂದಾಗಿ, ಮಿಲ್ವಾಕಿಗೆ ಉಳಿಯುತ್ತಿದ್ದದ್ದು ಒಂದೇ ಒಂದು ಸೆಕೆಂಡು. ಆದರೆ ಮೂರು ಅಂಕ ಸಿಗುವುದು ಮೂರಂಕದ ಗೆರೆಯಾಚೆ ನಿಂತು ಎಸೆದರಷ್ಟೇ. ಅವರ ಶೂ ತುದಿ ಆ ಗೆರೆಯನ್ನು ತುಳಿದಿತ್ತು, ಸಿಕ್ಕಿದ್ದು ಎರಡೇ ಅಂಕ. ಪಂದ್ಯ 109–109ಕ್ಕೆ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಆ ಐದು ನಿಮಿಷಗಳಲ್ಲಿ ಬ್ರೂಕ್ಲಿನ್ ಗಳಿಸಿದ್ದು ಎರಡೇ ಅಂಕ. ಮಿಲ್ವಾಕಿ ಗೆದ್ದಿತು, ಮುಂದಿನ ತಿಂಗಳು ಐವತ್ತು ವರ್ಷಗಳ ಬಳಿಕ ಮೊದಲ ಸಲ ಚಾಂಪಿಯನ್ ಆಯಿತು, ಮತ್ತು ಬುಡೆನ್‌ಹೋಲ್ಜರ್ ಮಹಾನ್ ತಂತ್ರಗಾರರೆಂದು ಎಲ್ಲರಿಗೂ ಮನದಟ್ಟಾಯಿತು. ಡ್ಯುರಾಂಟ್ ಕೊಂಚ ಸಣ್ಣ ಅಳತೆಯ ಶೂ ಹಾಕುವವರಾಗಿದ್ದರೆ ಇದೇ ಬುಡೆನ್‌ಹೋಲ್ಜರ್ ಅಂದಿಗೆ ದೊಡ್ಡ ಮೂರ್ಖರಾಗಿರುತ್ತಿದ್ದರು.

ಅವರ ಬುದ್ಧಿವಂತಿಕೆಯ ಅವಧಿ 2023ರ ಮೇ ತಿಂಗಳಲ್ಲಿ ಮುಗಿಯಿತು. ಆ ವರ್ಷ 58 ಗೆಲುವುಗಳೊಡನೆ ಇಡೀ ಲೀಗಿಗೇ ಮೊದಲಿಗರಾಗಿದ್ದ ಮಿಲ್ವಾಕಿ, ಎಂಟನೇ ಸ್ಥಾನದಿಂದ ತೂರಿಬಂದ ಮಯಾಮಿ ಹೀಟ್ ಎದುರು ಮೊದಲ ಸುತ್ತಿನಲ್ಲೇ 1–4ರಿಂದ ಸೋತಿತು. ಕೊನೆಯ ಪಂದ್ಯದ ಕೊನೆಯ ಕ್ಷಣಗಳಲ್ಲಿ ಕೈಯಲ್ಲಿದ್ದ ಟೈಮ್‌ಔಟ್‌ಗಳನ್ನು ಕೋಚ್ ಬಳಸಲಿಲ್ಲ. ಬುಟ್ಟಿಯತ್ತ ಒಂದು ಎಸೆತವನ್ನೂ ಎಸೆಯದೆ ತಂಡ ಸಮಯ ಕಳೆದುಕೊಂಡಿತು. ತಪ್ಪು ತಪ್ಪೇ, ಅದನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಆದರೆ ಅದೇ ಪಂದ್ಯದಲ್ಲಿ ತಂಡದ ತಾರೆ ಯಾನಿಸ್ ಅಂಟೆಟೊಕೊಂಪೊ ಅವರಿಗೆ 23 ಫ್ರೀ ಥ್ರೋಗಳು ಸಿಕ್ಕಿದ್ದವು. ಎದುರಿಗೆ ಯಾರೂ ಕೈ ಅಡ್ಡ ಹಿಡಿಯದೆ, ಎಲ್ಲರೂ ಸುಮ್ಮನೆ ನಿಂತು ನೋಡುತ್ತಿರುವಾಗ ಎಸೆಯುವ ಎಸೆತ ಅದು. ಆ 23ರಲ್ಲಿ ಬುಟ್ಟಿಗೆ ಬಿದ್ದವು 10. ಉಳಿದ 13 ಎಸೆತಗಳು ತಪ್ಪಿದ್ದಕ್ಕೂ ಕೋಚ್ ಟೈಮ್‌ಔಟ್ ತೆಗೆದುಕೊಳ್ಳದಿದ್ದುದೇ ಕಾರಣವೆಂಬ ತೀರ್ಪಿನಲ್ಲಿ ಅಭಿಮಾನಿಗಳಿಗೂ ಆಡಳಿತ ಮಂಡಳಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಎರಡನೆಯ ಕಾಲ್ಬೆರಳು ಇಂಡಿಯಾನಾ ಪೇಸರ್ಸ್ ತಂಡದ ಟೈರೀಸ್ ಹ್ಯಾಲಿಬರ್ಟನ್ ಅವರದು. 2025ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡ ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಕಾನ್ಫರೆನ್ಸ್ ಫೈನಲ್, ಅಂದರೆ ಅಂತಿಮ ಸರಣಿಯ ಹಿಂದಿನ ಸುತ್ತು, ತಲುಪಿತ್ತು. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಎಂದು ಜಪಿಸಿದ ನಮ್ಮವರಿಗೆ ನ್ಯೂಯಾರ್ಕಿನವರ ಸಂಕಟವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅವರು ಆ ಹೊತ್ತಿಗೆ 1973ರಿಂದ ಜಪಿಸುತ್ತಿದ್ದರು. ಹಿಂದಿನ ಸುತ್ತಿನಲ್ಲಿ ಹಾಲಿ ಚಾಂಪಿಯನ್ ಬಾಸ್ಟನ್ ತಂಡವನ್ನು ಸೋಲಿಸಿದ್ದಕ್ಕೇ ತಂಡದ ತವರು ಅಂಗಣವಾದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಹೊರಗಿನ ರಸ್ತೆಗಳಲ್ಲಿ ಜಾತ್ರೆ ನೆರೆದಿತ್ತು. ಆ ಜಾತ್ರೆಯ ದಿನಗಳಲ್ಲಿ ಕೋಚ್ ಟಾಮ್ ಥಿಬೊಡೊ ಊರಿಗೇ ಬೇಕಾದವರು. ಇಂಡಿಯಾನಾ ಎದುರಿನ ಮೊದಲ ಪಂದ್ಯದಲ್ಲಿ, ಆಟ ಮುಗಿಯಲು ಮೂರು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ, ನಿಕ್ಸ್ 14 ಅಂಕ ಮುಂದಿತ್ತು. ಅಲ್ಲಿಂದ ಎದುರಾಳಿಗಳು ಎಸೆದದ್ದೆಲ್ಲ ಬುಟ್ಟಿಗೆ ಬೀಳತೊಡಗಿತು. ಕೊನೆಯ ಕ್ಷಣದಲ್ಲಿ ಹ್ಯಾಲಿಬರ್ಟನ್ ಎಸೆದ ಚೆಂಡು ರಿಂಗಿನ ಹಿಂಬದಿಗೆ ಬಡಿದು, ನೆಟ್ಟಗೆ ಮೇಲಕ್ಕೆ ಚಿಮ್ಮಿ, ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ನೇರ ಬುಟ್ಟಿಯೊಳಕ್ಕೆ ಇಳಿಯಿತು. ಗೆದ್ದೇಬಿಟ್ಟೆ ಎಂದುಕೊಂಡ ಹ್ಯಾಲಿಬರ್ಟನ್ ತಮ್ಮ ಕುತ್ತಿಗೆಯನ್ನು ತಾವೇ ಹಿಡಿದು ಉಸಿರುಗಟ್ಟಿದಂತೆ ನಟಿಸಿ, ನ್ಯೂಯಾರ್ಕಿನವರನ್ನು ಅಣಕಿಸಿದರು. ಆಮೇಲೆ ನೋಡಿದರೆ ಅವರ ಬೆರಳೂ ಗೆರೆಯ ಮೇಲಿತ್ತು. ಪಂದ್ಯ 125–125, ಹೆಚ್ಚುವರಿ ಅವಧಿ. ನಿಕ್ಸ್ ಅದನ್ನೂ ಉಳಿಸಿಕೊಳ್ಳಲಿಲ್ಲ, 138–135ರಿಂದ ಸೋತಿತು.

ಹೀಗೆ ಒಂದು ಬೆರಳು ಒಬ್ಬ ಕೋಚ್‌ಗೆ ಕಪ್ ಕೊಟ್ಟಿತು. ಇನ್ನೊಂದು ಬೆರಳು ಇನ್ನೊಬ್ಬ ಕೋಚ್‌ಗೆ ಕೊಟ್ಟ ಐದು ನಿಮಿಷ ವ್ಯರ್ಥವಾಯಿತು. ಸರಣಿಯ ಮಿಕ್ಕ ಭಾಗದಲ್ಲಿ ಅಭಿಮಾನಿಗಳ ವಾದ ಥಿಬೊಡೊ ಅವರ ಬೆಂಚಿನತ್ತ ತಿರುಗಿತು. ಮುಖ್ಯ ಆಟಗಾರರನ್ನೇ ಅತಿ ಹೆಚ್ಚು ಹೊತ್ತು ಆಡಿಸಿ ದಣಿಸುತ್ತಾರೆ ಎಂಬುದು ಅವರ ಮೇಲಿದ್ದ ಹಳೆಯ ಆರೋಪ. ಮೂರನೇ ಪಂದ್ಯದಲ್ಲಿ ಅವರು ಆರಂಭದ ಐವರನ್ನು ಬದಲಿಸಿದರು, ಅದುವರೆಗೆ ಟವಲು ಹೊದ್ದು ಕೂತಿದ್ದವರನ್ನು ಅಂಗಳಕ್ಕೆ ಇಳಿಸಿದರು, 20 ಅಂಕಗಳ ಹಿನ್ನಡೆಯಿಂದ ಮೇಲೆದ್ದು ತಂಡ ಗೆದ್ದಿತು. ಕೂಡಲೇ ಆರೋಪ ಇನ್ನಷ್ಟು ಗಂಭೀರವಾಯಿತು: ಇದು ಗೊತ್ತಿದ್ದೂ ಮೊದಲೆರಡು ಪಂದ್ಯಗಳಲ್ಲಿ ಏಕೆ ಮಾಡಲಿಲ್ಲ? ಬದಲಿಸದಿದ್ದರೆ ಮೊಂಡು, ಬದಲಿಸಿ ಸೋತರೆ ಗಾಬರಿ, ಬದಲಿಸಿ ಗೆದ್ದರೆ ವಿಳಂಬ. ಈ ನ್ಯಾಯಾಲಯದಲ್ಲಿ ಆರೋಪಿ ಖುಲಾಸೆಯಾದ ಪ್ರಕರಣ ನನ್ನ ಗಮನಕ್ಕೆ ಬಂದಿಲ್ಲ. ಮೇ 31ರಂದು ನಿಕ್ಸ್ ಹೊರಬಿತ್ತು, ಜೂನ್ 3ರಂದು ಥಿಬೊಡೊ ಹೊರಬಿದ್ದರು.

ಹೊರಬಿದ್ದವರೇನು ಬೀದಿಪಾಲಾಗುವುದಿಲ್ಲ, ಅದು ಈ ವ್ಯವಸ್ಥೆಯ ಕರುಣೆ. ಒಂದು ಊರಿನಲ್ಲಿ ಯಾವುದಕ್ಕೂ ಬಾರದವರೆಂದು ಸಾಬೀತಾದವರು ಮುಂದಿನ ಊರಿಗೆ ಉದ್ಧಾರಕರಾಗಿ ಹೋಗುತ್ತಾರೆ. ಫೀನಿಕ್ಸ್ ಸನ್ಸ್ ತಂಡ ಇದನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದೆ. 2022ರ ವರ್ಷದ ಕೋಚ್ ಮಾಂಟಿ ವಿಲಿಯಮ್ಸ್ ಅವರನ್ನು 2023ರಲ್ಲಿ ತೆಗೆದು, 2020ರಲ್ಲಿ ಲೇಕರ್ಸ್‌ಗೆ ಕಪ್ ಗೆದ್ದುಕೊಟ್ಟು ಅಲ್ಲಿಂದಲೇ ವಜಾ ಆಗಿದ್ದ ಫ್ರ್ಯಾಂಕ್ ವೋಗಲ್ ಅವರನ್ನು ತಂದಿತು. 2024ರಲ್ಲಿ ಅವರನ್ನೂ ತೆಗೆದು, ಮಿಲ್ವಾಕಿಯಿಂದ ವಜಾ ಆಗಿದ್ದ ನಮ್ಮ ಬುಡೆನ್‌ಹೋಲ್ಜರ್ ಅವರನ್ನು ತಂದಿತು. 2025ರಲ್ಲಿ ಅವರನ್ನೂ ತೆಗೆಯಿತು. ವಿಲಿಯಮ್ಸ್ ಅಷ್ಟರಲ್ಲಿ ಡೆಟ್ರಾಯ್ಟ್‌ಗೆ ಹೋಗಿ, ಆರು ವರ್ಷಗಳ ಭಾರಿ ಒಪ್ಪಂದಕ್ಕೆ ಸಹಿ ಮಾಡಿ, ಒಂದೇ ಸೀಸನ್ನಿನಲ್ಲಿ ಸತತ 28 ಪಂದ್ಯಗಳನ್ನು ಸೋತು, ವರ್ಷ ತುಂಬುತ್ತಲೇ ಅಲ್ಲಿಂದಲೂ ಕಳಚಿಕೊಂಡಿದ್ದರು. ಉಳಿದ ವರ್ಷಗಳ ಸಂಬಳ ಮಾತ್ರ ಒಪ್ಪಂದದ ಪ್ರಕಾರ ಸಲ್ಲಬೇಕಾದದ್ದೇ.

ಬುಡೆನ್‌ಹೋಲ್ಜರ್ ಬಿಟ್ಟುಹೋದ ಮಿಲ್ವಾಕಿಯ ಕುರ್ಚಿಯಲ್ಲಿ ಏಡ್ರಿಯನ್ ಗ್ರಿಫಿನ್ ಕೂತರು. 43 ಪಂದ್ಯಗಳಲ್ಲಿ 30 ಗೆದ್ದರು. ಅಷ್ಟು ಗೆದ್ದದ್ದಕ್ಕೆ 2024ರ ಜನವರಿಯಲ್ಲಿ ಅವರನ್ನು ತೆಗೆದುಹಾಕಲಾಯಿತು. ಗೆಲುವಿನಲ್ಲಿ ಲಕ್ಷಣವಿರಲಿಲ್ಲವಂತೆ. ಅವರ ಜಾಗಕ್ಕೆ ಟಿವಿ ವಿಶ್ಲೇಷಕರ ಮೇಜಿನಿಂದ ಎದ್ದು ಬಂದವರು ಡಾಕ್ ರಿವರ್ಸ್. 2008ರಲ್ಲಿ ಬಾಸ್ಟನ್‌ಗೆ ಕಪ್ ತಂದ ಅವರಿಗೆ ಇನ್ನೊಂದು ಖ್ಯಾತಿಯೂ ಉಂಟು: ಏಳು ಪಂದ್ಯಗಳ ಸರಣಿಯಲ್ಲಿ 3–1ರಿಂದ ಮುಂದಿದ್ದೂ ಸೋತ ದಾಖಲೆ ಅವರ ಹೆಸರಿನಲ್ಲಿ ಮೂರು ಸಲ ಇದೆ. ರಿವರ್ಸ್ ಬಂದ ಮೇಲೆ ಆ ಸಾಲಿನಲ್ಲಿ ಮಿಲ್ವಾಕಿ 17 ಗೆದ್ದು 19 ಸೋತು, ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಇಂಡಿಯಾನಾಗೆ ಶರಣಾಯಿತು. ಯಾನಿಸ್ ಗಾಯಗೊಂಡು ಆ ಸುತ್ತನ್ನೇ ಆಡಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಅಭಿಮಾನಿಗಳು ಇಂಥ ವಿವರಗಳನ್ನು ತಮ್ಮ ತಂಡದ ಕೋಚ್ ಬಗ್ಗೆ ಮಾತನಾಡುವಾಗ ಮರೆಯುತ್ತಾರೆ, ಎದುರಾಳಿ ತಂಡದ ಗೆಲುವಿನ ಬಗ್ಗೆ ಮಾತನಾಡುವಾಗ ನೆನಪಿಸಿಕೊಳ್ಳುತ್ತಾರೆ.

ಈ ಹುಚ್ಚಾಟಕ್ಕೆ ಒಂದು ಆರ್ಥಿಕ ತರ್ಕವಿದೆ, ಅದು ತೀರಾ ಸರಳ. ಆಟಗಾರರ ಒಪ್ಪಂದಗಳು ಬಹುಮಟ್ಟಿಗೆ ಖಾತರಿ ಒಪ್ಪಂದಗಳು. ಒಟ್ಟು ವೇತನಕ್ಕೆ ಲೀಗ್ ಹಾಕಿರುವ ಮಿತಿಯೊಳಗೆ ಅವರನ್ನು ಕೂಡಿಸಿ ಕಳೆಯುವುದು ಚಾಣಾಕ್ಷ ಲೆಕ್ಕಿಗರ ಕೆಲಸ. ಕೋಚ್ ಸಂಬಳ ಆ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಹದಿನೈದು ಆಟಗಾರರನ್ನು ಬದಲಿಸಲು ಮೂರು ವರ್ಷ ಬೇಕು, ಮಾಲೀಕರನ್ನು ಬದಲಿಸಲು ಅವರೇ ಮನಸ್ಸು ಮಾಡಬೇಕು. ಕೋಚ್ ಬದಲಿಸಲು ಒಂದು ಪತ್ರಿಕಾ ಪ್ರಕಟಣೆ ಸಾಕು. ಟಿಕೆಟ್‌ಗೆ ದುಬಾರಿ ಬೆಲೆ ತೆತ್ತ ಅಭಿಮಾನಿಗೆ ಯಾರಾದರೂ ಒಬ್ಬರ ತಲೆದಂಡ ಕಾಣಿಸಬೇಕು, ಅಗ್ಗದಲ್ಲಿ ಸಿಗುವ ತಲೆ ಇದೊಂದೇ. ಹಾಗಾಗಿ ಅಭಿಮಾನಿಗಳು ಕೂಗುತ್ತಾರೆ, ಮಾಲೀಕರು ಜನಾಭಿಪ್ರಾಯಕ್ಕೆ ಮಣಿದವರಂತೆ ಮುಖ ಮಾಡುತ್ತಾರೆ, ತಂಡ ಕಟ್ಟಿದ ಜನರಲ್ ಮ್ಯಾನೇಜರ್ ಇನ್ನೊಂದು ವರ್ಷ ನೆಮ್ಮದಿಯಿಂದ ನಿದ್ರಿಸುತ್ತಾರೆ.

ಕಪ್ ಗೆದ್ದವರಿಗಾದರೂ ರಕ್ಷಣೆ ಇದೆಯೇ ಎಂದು ಕೇಳಿದರೆ, ಇದೆ, ಸುಮಾರು ಎರಡು ವರ್ಷ, ಹೊಸ ಮಿಕ್ಸಿಗೆ ಕೊಡುವ ವಾರಂಟಿಯಷ್ಟು. ವೋಗಲ್ 2020ರ ಅಕ್ಟೋಬರಿನಲ್ಲಿ ಗೆದ್ದು 2022ರ ಏಪ್ರಿಲ್‌ನಲ್ಲಿ ಹೋದರು. ಬುಡೆನ್‌ಹೋಲ್ಜರ್ 2021ರ ಜುಲೈನಲ್ಲಿ ಗೆದ್ದು 2023ರ ಮೇ ತಿಂಗಳಲ್ಲಿ ಹೋದರು. ಡೆನ್ವರ್ ತಂಡಕ್ಕೆ ಅದರ ಮೊಟ್ಟಮೊದಲ ಎನ್‌ಬಿಎ ಕಪ್ಪನ್ನು 2023ರ ಜೂನ್‌ನಲ್ಲಿ ಗೆದ್ದುಕೊಟ್ಟ ಮೈಕಲ್ ಮಲೋನ್ 2025ರ ಏಪ್ರಿಲ್‌ನಲ್ಲಿ, ಪ್ಲೇಆಫ್ ಹೊಸ್ತಿಲಲ್ಲಿ, ಸೀಸನ್ ಮುಗಿಯಲು ಮೂರೇ ಪಂದ್ಯ ಬಾಕಿ ಇದ್ದಾಗ ಹೋದರು. ಮಲೋನ್ ಪ್ರಕರಣಕ್ಕೆ ಒಂದು ಹಿನ್ನೆಲೆಯಿದೆ. ಅದಕ್ಕೂ ಕೆಲವೇ ತಿಂಗಳ ಹಿಂದೆ, 2024ರ ಡಿಸೆಂಬರಿನಲ್ಲಿ, ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಮೈಕ್ ಬ್ರೌನ್ ಅವರನ್ನು ವಜಾ ಮಾಡಿತ್ತು. ಹದಿನಾರು ವರ್ಷ ಪ್ಲೇಆಫ್ ಮುಖವನ್ನೇ ನೋಡದಿದ್ದ ಆ ತಂಡವನ್ನು 2023ರಲ್ಲಿ ಅಲ್ಲಿಗೆ ಕೊಂಡೊಯ್ದು, ಒಂದು ಮತವೂ ತಪ್ಪದೆ ವರ್ಷದ ಕೋಚ್ ಆಗಿ ಆಯ್ಕೆಯಾಗಿದ್ದವರು ಬ್ರೌನ್. ಅಭ್ಯಾಸ ಮಾಡಿಸಿ, ಪತ್ರಕರ್ತರೊಡನೆ ಮಾತಾಡಿ, ಮುಂದಿನ ಪಂದ್ಯಕ್ಕೆ ಹೊರಡಲು ವಿಮಾನ ನಿಲ್ದಾಣದ ದಾರಿಯಲ್ಲಿದ್ದವರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದರೆಂದು ಮಲೋನ್ ಬಹಿರಂಗವಾಗಿ ಕೆರಳಿ ಮಾತನಾಡಿದ್ದರು. ಹತ್ತು ವರ್ಷದ ಹಿಂದೆ ತಮ್ಮನ್ನೂ ಅದೇ ಸ್ಯಾಕ್ರಮೆಂಟೊ ವಜಾ ಮಾಡಿದ್ದರಿಂದ ಅವರ ಸಿಟ್ಟಿನಲ್ಲಿ ಅನುಭವದ ಖಾರವಿತ್ತು.

ಬೇಡವೆಂದು ಜನ ಕೂಗಿದ ಕೋಚನ್ನು ಹಟ ಹಿಡಿದು ಉಳಿಸಿಕೊಂಡವರೂ ಇಲ್ಲದಿಲ್ಲ. ಗ್ರೆಗ್ ಪೊಪೊವಿಚ್ ಸ್ಯಾನ್ ಆಂಟೋನಿಯೊದಲ್ಲಿ 1999ರ ಸೀಸನ್ನಿನ ಮೊದಲ 14 ಪಂದ್ಯಗಳಲ್ಲಿ 8 ಸೋತಾಗ ಅವರು ತೊಲಗಬೇಕೆಂಬ ಕೂಗು ಎದ್ದಿತ್ತು. ಅದೇ ಸೀಸನ್ನಿನಲ್ಲಿ ಅವರು ತಮ್ಮ ಐದು ಕಪ್‌ಗಳಲ್ಲಿ ಮೊದಲನೆಯದನ್ನು ಗೆದ್ದರು. ಮಯಾಮಿಯಲ್ಲಿ ಲೆಬ್ರಾನ್ ಬಂದ ಹೊಸತರಲ್ಲಿ ತಂಡ 9 ಗೆದ್ದು 8 ಸೋತು ಮುಗ್ಗರಿಸಿದಾಗ ಎರಿಕ್ ಸ್ಪೋಲ್‌ಸ್ಟ್ರಾ ಅವರ ತಲೆಗೂ ಬೇಡಿಕೆ ಬಂದಿತ್ತು. ಆಮೇಲೆ ಎರಡು ಕಪ್ ಬಂದವು. ಇಂದು ವಿಚಾರಿಸಿ ನೋಡಿ, ಅವರನ್ನು ತೆಗೆಯಿರಿ ಎಂದು ಅಂದು ಕೂಗಿದ ಒಬ್ಬನೇ ಒಬ್ಬ ಅಭಿಮಾನಿ ಆ ಎರಡು ಊರುಗಳಲ್ಲಿ ಸಿಗುವುದಿಲ್ಲ.

ಥಿಬೊಡೊ ಅವರನ್ನು ಕಳುಹಿಸಿದ ಮೇಲೆ ನಿಕ್ಸ್ ಆಡಳಿತ ಇತರ ತಂಡಗಳ ಬಾಗಿಲು ಬಡಿದು, ನಿಮ್ಮಲ್ಲಿ ಒಪ್ಪಂದದ ಮೇಲಿರುವ ಕೋಚ್ ಜೊತೆ ಮಾತಾಡಬಹುದೇ ಎಂದು ಕೇಳಿತು. ಒಂದೊಂದು ತಂಡವೂ ಆಗದೆಂದಿತು. ನಮಗೆ ಬೇಕಾದವರನ್ನು ಹುಡುಕಿಟ್ಟುಕೊಂಡ ಮೇಲೆ ಇದ್ದವರನ್ನು ಕಳುಹಿಸಬೇಕೆಂಬ ಲೋಕರೂಢಿ ಅಷ್ಟು ದೊಡ್ಡ ಸಂಸ್ಥೆಗೆ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಜುಲೈನಲ್ಲಿ ಅವರಿಗೆ ಸಿಕ್ಕಿದವರು, ವಿಮಾನ ನಿಲ್ದಾಣದ ದಾರಿಯಲ್ಲಿ ಫೋನ್ ಬಂದಿದ್ದ ಆ ಮೈಕ್ ಬ್ರೌನ್. ಅವರು ಸಹಿ ಹಾಕಿದ ದಿನ ಎದುರಿಗಿದ್ದ ಲೆಕ್ಕದಲ್ಲಿ ಯಾವ ಗೊಂದಲವೂ ಇರಲಿಲ್ಲ. ಥಿಬೊಡೊ ತಲುಪಿದಲ್ಲಿಗೆ ತಲುಪಿದರೆ ವಜಾ, ಏಕೆಂದರೆ ಅದಕ್ಕೆ ಪೂರ್ವನಿದರ್ಶನವಿದೆ. ಅದಕ್ಕಿಂತ ಮೊದಲೇ ಸೋತರೆ ಪೂರ್ವನಿದರ್ಶನವೂ ಬೇಕಾಗಿಲ್ಲ. ಕಪ್ಪನ್ನೇ ಗೆದ್ದುಕೊಟ್ಟರೆ ಎರಡು ವರ್ಷಗಳ ಮಟ್ಟಿಗೆ ನ್ಯೂಯಾರ್ಕಿನಲ್ಲಿ ಬಾಡಿಗೆ ಮನೆ ಹಿಡಿಯಬಹುದು. ಸ್ವಂತ ಮನೆ ಕೊಳ್ಳುವ ಮೊದಲು ಡೆನ್ವರ್‌ಗೆ ಒಂದು ಫೋನ್ ಮಾಡಿ ಮಲೋನ್ ಅವರನ್ನು ವಿಚಾರಿಸುವುದು ಒಳ್ಳೆಯದು.